ದೀಪದ ಹಗ್ಗ

ಬಾವಿಗೆ ಇಳಿದು ಬದುಕುವವರಿಗೆ ಬಾಯಿಮಾತು ಕಮ್ಮಿ. ಹತ್ತಾಳು ಆಳದಲ್ಲಿ ನಿಂತವನು ಏನು ಕೂಗಿದರೂ ಮೇಲಿನವನಿಗೆ ಬರೀ ಗುಂಯ್ ಅನ್ನುವ ಸದ್ದು ಕೇಳುತ್ತದೆ. ಅದಕ್ಕೇ ಅವರು ಹಗ್ಗದಲ್ಲಿ ಮಾತಾಡುತ್ತಾರೆ. ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಎತ್ತು. ತೆಲುಗು ಸೀಮೆಯ ಕಲ್ಯಾಣದುರ್ಗದ ಈರಲಿಂಗಪ್ಪ ಮೂವತ್ತೈದು ವರ್ಷ ಈ ಭಾಷೆಯಲ್ಲೇ ಬಾಳಿದವನು. ಸುತ್ತಿನ ಹಳ್ಳಿಗಳಲ್ಲಿ ಯಾರ ಬಾವಿಯಲ್ಲಿ ಪಂಪು ಕಳಚಿ ಬಿದ್ದರೂ, ಹೂಳು ತುಂಬಿದರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಅವನು ಬಾವಿಯ ಬಾಯಿಗೆ ಬಂದು ನಿಂತು ‘ಇಳೀಬೋದು’ ಅಂದರೆ ಮಿಕ್ಕವರು ಕಣ್ಣು ಮುಚ್ಚಿಕೊಂಡು ಇಳಿಯುತ್ತಿದ್ದರು.

ಅಂಥವನ ಮನೆಗೆ ಎರಡು ಸಾವಿರದ ಒಂಬತ್ತರ ಒಂದು ಶುಕ್ರವಾರ ಮಧ್ಯಾಹ್ನ ಅವನ ತಮ್ಮನ ಮಗಳು ತನುಜಾ ಹಿಂದೂಪುರದಿಂದ ಬಂದಳು. ಅಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾಳೆ, ಅದರ ಜೊತೆಗೆ ಪಿಎಚ್‌ಡಿಗೂ ಓದುತ್ತಾಳೆ. ಬಂದವಳು ಕಾಲು ತೊಳೆದು ಕೂತು, ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಕೇಳಿದ ಮೊದಲ ಮಾತು ಇದು:

“ದೊಡ್ಡಪ್ಪ, ಹಳೇ ಬಾವಿಯಾಗೆ ಕೆಟ್ಟ ಗಾಳಿ ಹೆಂಗೆ ತುಂಬ್ಕೊಳ್ತೈತೆ? ಒಂದೂ ಬಿಡ್ದಂಗೆ ಮೊದ್ಲಿಂದ ಹೇಳು.”

ಈರಲಿಂಗಪ್ಪನ ಕೈಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು. ಅವಳ ಅಪ್ಪ, ಅಂದರೆ ಅವನ ತಮ್ಮ ಚೌಡಣ್ಣ, ಐದು ವರ್ಷದ ಹಿಂದೆ ಬೆಳುಗುಪ್ಪದ ಕಡೆಯ ಒಂದು ಬಾವಿಯಲ್ಲಿ ಆ ಕೆಟ್ಟ ಗಾಳಿ ಕುಡಿದೇ ಸತ್ತಿದ್ದ. ಐದು ವರ್ಷದಲ್ಲಿ ಈ ಹುಡುಗಿ ಒಂದು ಸಲವೂ ಬಾವಿಯ ಮಾತೆತ್ತಿರಲಿಲ್ಲ.

ಒಳಗಿನಿಂದ ಅವನ ಹೆಂಡತಿ ಮಂಗಳಗೌರಿ ಗದರಿದಳು. “ಇದೇನಮ್ಮ ಬಂದ್ ಬಂದಂಗೇ ಈ ಮಾತು! ಮೂರು ತಾಸು ಬಸ್ಸಾಗೆ ಕುಲುಕಾಡ್ಕಂಡು ಬಂದಿದ್ದೀಯ, ಮೊದ್ಲು ಮುದ್ದೆ ಉಣ್ಣು. ಬಾವಿ ಎಲ್ಲೀಗೂ ಓಡೋಗಲ್ಲ.”

“ನಾಳೆ ಇಲ್ಲಿ ಜೂನಿಯರ್ ಕಾಲೇಜಾಗೆ ನಂದು ಭಾಷಣ ಐತೆ ದೊಡ್ಡಮ್ಮ. ಈ ವರ್ಷ ಖಗೋಳ ವರ್ಷ ಅಂತ ಎಲ್ಲಾ ಕಡೆ ಮಾಡ್ತಾವ್ರೆ. ನಕ್ಷತ್ರದ ಬಗ್ಗೆ ಹೇಳ್ಬೇಕು.”

“ನಕ್ಷತ್ರ ಮೇಲಿರ್ತಾವೆ ಕಣಮ್ಮ. ನೀನು ಕೆಳೀಕೆ ನೋಡ್ತಾ ಇದ್ದೀಯ.”

ತನುಜಾ ನಕ್ಕಳು. ಆ ನಗೆ ಕಂಡು ಈರಲಿಂಗಪ್ಪನಿಗೆ ಸ್ವಲ್ಪ ಉಸಿರು ಬಂತು. ವಿಚಾರಣೆಗೆ ಬಂದವಳಲ್ಲ, ಓದಿನ ಕೆಲಸಕ್ಕೆ ಬಂದವಳು. ಸರಿ, ಹೇಳಿದರೆ ಆಯಿತು ಅಂದುಕೊಂಡು ಶುರುಮಾಡಿದ. ಗಾಳಿಯಾಡದ ಹಳೇ ಬಾವಿಯಲ್ಲಿ ಎಲೆ, ಕಸ, ಸತ್ತ ಇಲಿ ಹೆಗ್ಗಣ ಎಲ್ಲ ಬಿದ್ದು ಕೊಳೆಯುತ್ತವೆ. ಅದರಿಂದ ಹುಟ್ಟುವ ಗಾಳಿ ಭಾರ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಮೇಲೆ ಏಳಲಾರದೆ ತಳದಲ್ಲೇ ಮಲಗಿರುತ್ತದೆ, ದಿನದಿನಕ್ಕೂ ಇಷ್ಟಿಷ್ಟೇ ಏರುತ್ತದೆ. ಇಳಿದವನಿಗೆ ಮೊದಲು ಮೊಣಕಾಲು ಸೋಲುತ್ತದೆ, ಆಮೇಲೆ ನಿದ್ದೆ ಬಂದಹಾಗೆ ಆಗುತ್ತದೆ, ಅಷ್ಟೇ.

“ಇದೇ ದೊಡ್ಡಪ್ಪ, ಇದೇ ನಂಗೆ ಬೇಕಾಗಿದ್ದು!” ಅಂದಳು ತನುಜಾ. ಆಮೇಲೆ ತನ್ನ ಓದಿನ ವಿಷಯವನ್ನು ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು.

ಲೋಕದಲ್ಲಿ ನಮ್ಮ ಕಣ್ಣಿಗೆ ಕಾಣದ ವಸ್ತು ಒಂದಿದೆಯಂತೆ. ಬೆಳಕಿಲ್ಲ, ಬಣ್ಣವಿಲ್ಲ, ಕಪ್ಪು ದ್ರವ್ಯ ಅನ್ನುತ್ತಾರೆ. ನಕ್ಷತ್ರಗಳ ಗುಂಪುಗಳು ತಿರುಗುವ ರಭಸಕ್ಕೆ ಎಂದೋ ಚದುರಿ ಹೋಗಬೇಕಾಗಿತ್ತು. ಹೋಗಿಲ್ಲ. ಅಂದಮೇಲೆ ಕಾಣದ ಭಾರವೊಂದು ಅವನ್ನು ಹಿಡಿದಿಟ್ಟುಕೊಂಡಿದೆ. ಆ ವಸ್ತುವಿನ ಕಣಗಳು ಈ ಗೋಡೆಯನ್ನೂ ನಮ್ಮ ಮೈಯನ್ನೂ ತಾಗದೆ ದಾಟಿ ಹೋಗುತ್ತವಂತೆ. ಭೂಮಿಯನ್ನು ಈ ಕಡೆ ಹೊಕ್ಕು ಆ ಕಡೆ ಹೊರಟರೂ ಒಂದು ಕಲ್ಲಿಗೂ ಬಡಿಯದೆ ಹೋಗುತ್ತವಂತೆ.

“ಹಂಗಾದ್ರೆ ಐತೆ ಅಂತ ಹೆಂಗಮ್ಮ ಕಂಡ್ಕಳೋದು?”

“ಅದಕ್ಕೆ ಒಂದು ಜಾಗ ಐತೆ ದೊಡ್ಡಪ್ಪ. ನ್ಯೂಟ್ರಾನ್ ನಕ್ಷತ್ರ ಅಂತ. ದೊಡ್ಡ ನಕ್ಷತ್ರ ಸಾಯೋವಾಗ ಮೇಲಿನ್ದೆಲ್ಲ ಸಿಡಿದೋಗಿ, ಒಳಗಿನ ತಿರುಳು ಒತ್ತಿ ಒತ್ತಿ ಇಷ್ಟಾಗೋಯ್ತದೆ. ಅಗಲ ಅಂದ್ರೆ ಹಿಂದೂಪುರದಿಂದ ಪರಿಗಿಗೆ ಹೋಗಿ ವಾಪಸ್ ಬಂದಷ್ಟು, ಇಪ್ಪತ್ತು ಕಿಲೋಮೀಟರು ಚಿಲ್ಲರೆ. ಭಾರ ಮಾತ್ರ ಸೂರ್ಯನಿಗಿಂತ ಜಾಸ್ತಿ. ಅದ್ರಾಗೆ ಒಂದು ಚಮಚ ತೆಗೆದ್ರೆ ನಮ್ಮೂರ ಬೆಟ್ಟಕ್ಕಿಂತ ಭಾರ.”

“ಅಬ್ಬಬ್ಬ!” ಅಂದಳು ಬಾಗಿಲಲ್ಲಿ ನಿಂತಿದ್ದ ಮಂಗಳಗೌರಿ. “ಆ ಚಮಚ ಯಾರಮ್ಮ ಎತ್ತೋರು?”

“ಯಾರೂ ಎತ್ತಲ್ಲ ದೊಡ್ಡಮ್ಮ, ಲೆಕ್ಕ. ಅಷ್ಟು ಗಿಡಿದು ತುಂಬಿರೋದ್ರಿಂದ ಆ ಕಪ್ಪು ಕಣ ಅದ್ರೊಳಗೆ ಹೊಕ್ಕಾಗ ಒಂದು ಸಲ ತಾಗ್ಬೋದು. ಒಂದು ಸಲ ತಾಗಿದ್ರೆ ಸಾಕು, ವೇಗ ಕಮ್ಮಿ ಆಯ್ತದೆ, ಇನ್ನ ತಪ್ಪಿಸ್ಕಂಡು ಹೋಗೋಕಾಗಲ್ಲ. ಹೊರೀಕೆ ಹೋಯ್ತದೆ, ಸುತ್ತು ಹಾಕ್ತದೆ, ಮತ್ತೆ ಒಳೀಕೆ ಬೀಳ್ತದೆ, ಮತ್ತೆ ತಾಗ್ತದೆ. ಹಿಂಗೆ ಸುತ್ತಿ ಸುತ್ತಿ ಕೊನೆಗೆ ನಟ್ಟನಡುವಿಗೆ ಇಳಿದು ಕೂತ್ಕೊಳ್ತದೆ. ಕೋಟಿಗಟ್ಟಲೆ ವರ್ಷ ಹಿಂಗೇ ಸೇರ್ತಾ ಹೋದ್ರೆ ನಡುವಾಗೆ ಒಂದು ಉಂಡೆ ಆಯ್ತದೆ. ಒಂದು ಜಾತಿ ಕಣ ಆದ್ರೆ ಒಂದನ್ನೊಂದು ಕೊಂದ್ಕಂಡು ನಕ್ಷತ್ರವನ್ನ ಬೆಚ್ಚಗೆ ಇಡ್ತಾವೆ. ಇನ್ನೊಂದು ಜಾತಿ ಸಾಯಲ್ಲ, ಬರೀ ಸೇರ್ತಾನೇ ಹೋಯ್ತದೆ. ಭಾರ ಹದ್ದು ಮೀರಿದ ದಿನ ಆ ಉಂಡೆ ತನ್ನೊಳಗೆ ತಾನೇ ಕುಸಿದು, ಕಪ್ಪು ಕುಳಿ ಆಗಿ, ನಕ್ಷತ್ರವನ್ನ ಒಳಗಿಂದಾನೇ ತಿಂದ್ಬುಡ್ತದೆ.”

ನಕ್ಷತ್ರ ಈರಲಿಂಗಪ್ಪನಿಗೆ ಎಷ್ಟು ತಿಳಿಯಿತೋ ಬಿಟ್ಟಿತೋ, ಒಳಗಿನಿಂದ ತಿನ್ನುವುದು ಅಂದರೆ ಏನೆಂದು ಚೆನ್ನಾಗಿ ತಿಳಿಯಿತು.

“ಹಿಂಗೆಲ್ಲ ಆಯ್ತದೆ ಅಂತ ಯಾರಾದ್ರೂ ನೋಡವ್ರಾ?”

“ಯಾರೂ ನೋಡಿಲ್ಲ. ಆದ್ರೆ ಹಿಂಗಾಗ್ಬೋದು ಅಂತ ಲೆಕ್ಕ. ಅದಕ್ಕೇ ನಾನು ಬಾವಿ ತಗಂಡಿದ್ದು. ನೀವು ಇಳಿಯೋಕೆ ಮುಂಚೆ ಲಾಟೀನು ಬಿಡ್ತೀರಲ್ಲ? ಆರಿದ್ರೆ ಕೆಟ್ಟ ಗಾಳಿ ಐತೆ, ಉರಿದ್ರೆ ಇಲ್ಲ. ಹಂಗೇ ಈ ನಕ್ಷತ್ರಗಳೂ ಆಕಾಶದಾಗೆ ಬಿಟ್ಟಿರೋ ಲಾಟೀನು. ಎಷ್ಟೋ ಹಳೇವು ಇನ್ನೂ ಟಿಕ್ ಟಿಕ್ ಅಂತ ರೇಡಿಯೋ ಸದ್ದು ಕಳಿಸ್ತಾನೇ ಅವೆ, ಅಂದ್ರೆ ಒಳಗಿಂದ ತಿಂದಾಕೋ ಜಾತಿ ಕಣ ಇಲ್ಲ ಅಂತ ಅರ್ಥ. ಇದೇ ನನ್ನ ಥೀಸಿಸ್. ನಾಳೆ ಮಕ್ಕಳಿಗೂ ಇದನ್ನೇ ಹೇಳೋದು.” ಅವಳು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡಿಗೆರೆ ಎಳೆದಳು: ದೀಪ ಉರಿಯುತ್ತಿದ್ದರೆ ಭಯವಿಲ್ಲ.

“ಅದೊಂದು ಬರೀಬ್ಯಾಡಮ್ಮ” ಅಂದ ಈರಲಿಂಗಪ್ಪ.

“ಯಾಕೆ ದೊಡ್ಡಪ್ಪ?”

“ಯಾಕೂ ಇಲ್ಲ. ಪೋನೀಲೇ, ಹೋಗ್ಲಿ ಬಿಡು” ಅಂದು ಅವನು ಎದ್ದು ಹೊರಗೆ ಹೋದ.

ಯಾಕೆ ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು.

ಲಾಟೀನು ಇಳಿಸುವುದಕ್ಕೆ ಅವರ ಮನೆತನದಲ್ಲಿ ಬೇರೆಯೇ ಹಗ್ಗವಿತ್ತು, ಅಪ್ಪ ನಾರಪ್ಪನ ಕಾಲದ್ದು. ಆ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬಾರದು ಅಂತ ಕಟ್ಟುಪಾಡು. ಗಂಟು ಹಾಕಿ ಉದ್ದ ಮಾಡಿದ ಹಗ್ಗ ಚಟ್ಟ ಕಟ್ಟುವುದಕ್ಕೆ ಮಾತ್ರ, ದೀಪಕ್ಕೆ ಅಂಥದ್ದು ತಗಲಿದರೆ ಇಳಿದವನು ಮೇಲೆ ಬರುವುದಿಲ್ಲ ಅಂತ ಅಪ್ಪ ಹೇಳುತ್ತಿದ್ದ. ಅಪ್ಪನ ಕಾಲದಲ್ಲಿ ಬಾವಿಗಳು ಅಷ್ಟೊಂದು ಆಳ ಇರಲಿಲ್ಲ, ಹಗ್ಗ ಸಾಲುತ್ತಿತ್ತು. ನೀರು ಕೆಳಗೆ ಹೋದಹಾಗೆಲ್ಲ ಜನ ಬಾವಿಗಳನ್ನು ತೋಡಿಸುತ್ತಾ ಹೋದರು. ಹಗ್ಗ ಮಾತ್ರ ಇದ್ದಷ್ಟೇ ಇತ್ತು.

ಬೆಳುಗುಪ್ಪದ ಆ ಬಾವಿಯನ್ನು ಹಿಂದಿನ ವರ್ಷವಷ್ಟೇ ಆಳ ಮಾಡಿಸಿದ್ದರು. ತೋಟದ ಯಜಮಾನ ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದ. ಈರಲಿಂಗಪ್ಪ ಲಾಟೀನು ಬಿಟ್ಟ. ಹಗ್ಗ ಮುಗಿಯಿತು. ಲಾಟೀನು ತಳ ಮುಟ್ಟದೆ ನಡುವಲ್ಲಿ ನೇತಾಡುತ್ತಾ ಚೆನ್ನಾಗಿ ಉರಿಯುತ್ತಿತ್ತು. ಬಕೀಟಿನ ಹಗ್ಗ ಅವನ ಕಾಲ ಹತ್ತಿರವೇ ಸುತ್ತಿ ಬಿದ್ದಿತ್ತು. ಒಂದು ಗಂಟು ಹಾಕಿದ್ದರೆ ಮುಗಿಯುತ್ತಿತ್ತು. ಅವನ ಕೈ ಅತ್ತ ಹೋಗಲಿಲ್ಲ. ‘ಏನಣ್ಣಾ?’ ಅಂತ ಚೌಡಣ್ಣ ಕೇಳಿದ. ‘ಉರೀತಾ ಐತೆ, ಇಳಿ’ ಅಂದ. ಆಮೇಲೆ ಚೌಡಣ್ಣನ ಹಗ್ಗ ಒಂದು ಸಲವೂ ಜಗ್ಗಲಿಲ್ಲ, ಎರಡು ಸಲವೂ ಜಗ್ಗಲಿಲ್ಲ. ಬರೀ ಭಾರವಾಯಿತು.

ದೀಪ ಉರಿಯುತ್ತಿತ್ತು ಅಂತ ಅವನು ಊರಿಗೆ ಹೇಳಿದ. ಅದು ಸುಳ್ಳಲ್ಲ. ಆದರೆ ದೀಪ ಉರಿದ ಬಾವಿಯಲ್ಲಿ ಮನುಷ್ಯ ಸತ್ತರೆ ಜನ ಬೇರೆ ಕಾರಣ ಹುಡುಕದೆ ಬಿಡುತ್ತಾರೆಯೇ? ಹುಡುಕಿದರು, ಸಿಕ್ಕಿತು. ಅವತ್ತು ಬೆಳಿಗ್ಗೆ ನೆನೆಹಾಕಿದ್ದ ಕಡಲೆಬೇಳೆಗೆ ಮೇಕೆ ಬಾಯಿ ಹಾಕಿತ್ತು. ಮೇಕೆ ಕಟ್ಟದೆ ಬಿಟ್ಟ ಚೌಡಣ್ಣನಿಗೆ ಅವನ ಹೆಂಡತಿ ಮುನಿಯಕ್ಕ ಬೀದಿಯಲ್ಲಿ ನಿಂತು ‘ಹಾಳುಬಾವಿಗೆ ಬಿದ್ದು ಹೋಗು’ ಅಂತ ಬೈದಿದ್ದಳು. ಯಾವ ಹೆಂಗಸಾದರೂ ಬಾಯಿತಪ್ಪಿ ಅನ್ನುವ ಮಾತು. ಆದರೆ ಬಾವಿಗೆ ಇಳಿಯುವವರ ಮನೆಯಲ್ಲಿ ಆ ಬೈಗಳ ಆಡುವಹಾಗಿಲ್ಲ, ಅದೂ ಒಂದು ಕಟ್ಟುಪಾಡು. ಬೀದಿಯವರೆಲ್ಲ ಕೇಳಿಸಿಕೊಂಡಿದ್ದರು. ‘ಅವಳ ಬಾಯೇ ಗಂಡನ್ನ ತಿಂತು’ ಅಂದರು. ‘ಬೇಜಾರಾಗಿ ತಾನೇ ಕೈಬಿಟ್ಟಿರ್ತಾನೆ’ ಅಂದವರೂ ಇದ್ದರು. ಎದುರಿಗೆ ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಕೊನೆಗೆ ಅವಳು ಊರು ಬಿಟ್ಟು ಹಿಂದೂಪುರಕ್ಕೆ ಹೋದಳು. ಆಗ ಈರಲಿಂಗಪ್ಪ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆಡಲಿಲ್ಲ. ಇವತ್ತು ಬೇಡ, ತಿಥಿ ಮುಗಿಯಲಿ ಅಂದುಕೊಂಡ. ಹುಡುಗಿಯ ಪರೀಕ್ಷೆ ಮುಗಿಯಲಿ ಅಂದುಕೊಂಡ. ಆಮೇಲೆ ಆಡುವುದು ಇನ್ನೂ ಕಷ್ಟವಾಯಿತು. ಸುಮ್ಮನಿದ್ದ ಒಂದೊಂದು ದಿನವೂ ಒಳಗೆ ಇಳಿದು ಕೂತು, ಹಿಂದಿನ ದಿನಕ್ಕಿಂತ ಭಾರವಾಗುತ್ತಾ ಹೋಯಿತು.

ಶನಿವಾರ ಹನ್ನೊಂದು ಗಂಟೆಗೆ ಕಾಲೇಜಿನ ಹಾಲಿನಲ್ಲಿ ಭಾಷಣ. ಬೇಡ ಅಂದುಕೊಂಡೇ ಅವನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ. ಮುಂದೆ ನೂರೈವತ್ತು ಮಕ್ಕಳು. ಅವರಲ್ಲಿ ಎಷ್ಟೋ ಮುಖಗಳು ಅವನಿಗೆ ಗೊತ್ತು. ಇವನು ಓಬುಳಪತಿಯ ಮಗ, ಆ ಕಡೆ ಕೂತವಳು ವೆಂಕಟೇಶಪ್ಪನ ಮಗಳು. ಅವರ ಅಪ್ಪಂದಿರೆಲ್ಲ ಇವತ್ತಿಗೂ ಅವನ ಮಾತು ನಂಬಿ ಬಾವಿಗೆ ಇಳಿಯುವವರು.

ತನುಜಾ ತೆಲುಗಿನಲ್ಲಿ ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ಚಮಚದ ಮಾತಿಗೆ ಮಕ್ಕಳು ನಕ್ಕರು, ಕಪ್ಪು ಕಣ ಈಗಲೂ ನಿಮ್ಮ ಹೊಟ್ಟೆಯೊಳಗೆ ಹಾದು ಹೋಗುತ್ತಿದೆ ಅಂದಾಗ ಹೊಟ್ಟೆ ಮುಟ್ಟಿ ನೋಡಿಕೊಂಡರು. ಆಮೇಲೆ ಬಾವಿ ಬಂತು, ಲಾಟೀನು ಬಂತು. “ನಮ್ಮ ದೊಡ್ಡಪ್ಪ ಅಲ್ಲೇ ಕೂತಿದ್ದಾರೆ, ಅವರ ಕೆಲಸವೇ ಇದು” ಅಂದಳು. ನೂರೈವತ್ತು ತಲೆ ಅವನ ಕಡೆ ತಿರುಗಿದವು. “ದೀಪ ಉರಿಯುತ್ತಿದ್ದರೆ ಧೈರ್ಯವಾಗಿ ಇಳಿಯಬಹುದು. ಹಾಗೆಯೇ ಹಳೆಯ ನಕ್ಷತ್ರ ಇನ್ನೂ ಬದುಕಿದೆ ಅಂದರೆ...”

“ತಪ್ಪು” ಅಂದ ಈರಲಿಂಗಪ್ಪ.

ಎದ್ದು ನಿಂತದ್ದು ಅವನಿಗೇ ಗೊತ್ತಿರಲಿಲ್ಲ. ಮುಂದೆ ಕೂತಿದ್ದ ಪ್ರಿನ್ಸಿಪಾಲರು ಕತ್ತು ತಿರುಗಿಸಿದರು.

“ದೀಪ ತಳ ಮುಟ್ಟಬೇಕು ಕಣ್ರಪ್ಪ” ಅಂದ ಅವನು ಮಕ್ಕಳಿಗೆ. ತೆಲುಗು ಮರೆತು ಕನ್ನಡವೇ ಬಂತು. “ಗಾಳಿ ಇರೋದು ತಳದಾಗೆ. ದೀಪ ಮೇಲೆ ನೇತಾಡ್ತಾ ಇದ್ರೆ ಚೆನ್ನಾಗೇ ಉರೀತದೆ. ಅದನ್ನ ನಂಬಿ ಇಳೀಬ್ಯಾಡ್ರಿ. ನಿಮ್ಮಪ್ಪಂದಿರಿಗೂ ಹೇಳ್ರಿ. ಹಗ್ಗ ಸಾಲ್ದಿದ್ರೆ ಗಂಟಾಕ್ರಿ. ಏನೂ ಆಗಲ್ಲ, ಗಂಟಾಕ್ರಿ.” ಇಷ್ಟು ಹೇಳಿ ಕೂತ.

ತನುಜಾ ಬೋರ್ಡಿನ ಹತ್ತಿರ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಬೋರ್ಡಿನಲ್ಲಿ ತಾನೇ ಬರೆದಿದ್ದ ದುಂಡನೆ ನಕ್ಷತ್ರವನ್ನೂ ಅದರ ನಡುವಿನ ಚುಕ್ಕೆಯನ್ನೂ ನೋಡಿದಳು. ಆಮೇಲೆ ದೊಡ್ಡಪ್ಪನನ್ನು ನೋಡಿದಳು. ಭಾಷಣ ಹೇಗೋ ಮುಗಿಸಿದಳು.

ಹೊರಗೆ ಕಾಂಪೌಂಡಿನ ಬೇವಿನ ನೆರಳಿಗೆ ಬಂದು ನಿಂತಾಗ ಅವಳ ದನಿ ಮೆತ್ತಗಿತ್ತು.

“ನನ್ನ ಗೈಡ್ ಹೋದ ತಿಂಗಳು ಒಂದು ಪ್ರಶ್ನೆ ಬರೆದು ಕಳಿಸಿದ್ರು ದೊಡ್ಡಪ್ಪ. ಆ ಕಣ ಸುತ್ತು ಹಾಕಿ ಹಾಕಿ ನಡುವಿಗೆ ಇಳಿಯೋಕೆ ಎಷ್ಟು ಕಾಲ ಬೇಕು, ಅದನ್ನ ಲೆಕ್ಕ ಮಾಡಿದ್ದೀಯಾ ಅಂತ. ನಾನು ತಾಗಿದ ತಕ್ಷಣ ಇಳಿದ್ಬುಡ್ತದೆ ಅಂತ ಹಿಡಿದಿದ್ದೆ. ಇಳೀದೇನೇ ಸುತ್ತಾ ಮುತ್ತಾ ತೇಲ್ತಾ ಇದ್ರೆ, ನಕ್ಷತ್ರ ಬದುಕೈತೆ ಅನ್ನೋ ಒಂದು ಮಾತಿಂದ ಏನೂ ಹೇಳೋಕಾಗಲ್ಲ. ನನ್ನ ಲೆಕ್ಕ ಎಲ್ಲಾ ತಿರುಗಾ ಮಾಡ್ಬೇಕು. ಅದು ಹೋಗ್ಲಿ.” ಅವನ ಕಡೆ ತಿರುಗಿ ಕೇಳಿದಳು. “ಹಗ್ಗ ಸಾಲ್ದಿದ್ರೆ ಅಂದ್ಯಲ್ಲ. ನಿಂಗೆ ಹೆಂಗೆ ಗೊತ್ತು?”

ಅವನು ಹೇಳಿದ. ತಡವರಿಸದೆ ಹೇಳಿದ, ಯಾಕಂದರೆ ಐದು ವರ್ಷದಿಂದ ಮನಸ್ಸಿನಲ್ಲೇ ಸಾವಿರ ಸಲ ಹೇಳಿಕೊಂಡಿದ್ದ.

ತನುಜಾ ಅಳಲಿಲ್ಲ, ಕೂಗಾಡಲೂ ಇಲ್ಲ. ಬೇವಿನ ಬುಡದಲ್ಲಿ ಕೂತು ನೆಲ ಕೆರೆಯುತ್ತಾ ಅಂದಳು, “ಗಾಳಿ ಕುಡಿದು ಸತ್ರು ಅಂತ ಬಾಯಲ್ಲಿ ಹೇಳ್ತಿದ್ದೆ. ಓದಿದೋಳಲ್ವಾ. ಒಳಗೆ ಮಾತ್ರ ನಾನೂ ಅಮ್ಮಂದೇ ತಪ್ಪು ಅಂದ್ಕಂಡಿದ್ದೆ ದೊಡ್ಡಪ್ಪ. ಒಂದು ವರ್ಷ ಅವಳ ಕೈಲಿ ಸರಿಯಾಗಿ ಮಾತೇ ಆಡ್ಲಿಲ್ಲ ನಾನು.”

“ನೀನೇ ಹೇಳ್ಬುಡಮ್ಮ ಅವ್ಳಿಗೆ. ನಂಗೆ ಮುಖ ಇಲ್ಲ.”

“ನಾನ್ಯಾಕೆ ಹೇಳ್ಲಿ?” ಅಂದಳು ಅವಳು. ಆ ಮೆತ್ತನೆ ದನಿಯಲ್ಲಿ ಮೊದಲ ಸಲ ಒಂದು ಗಡುಸು ಬಂತು. “ಹಗ್ಗ ಹಿಡಿದಿದ್ದು ನೀನು.”

ಭಾನುವಾರ ಇಬ್ಬರೂ ಹಿಂದೂಪುರದ ಬಸ್ಸು ಹತ್ತಿದರು. ಮಂಗಳಗೌರಿಗೆ ಹಿಂದಿನ ಸಂಜೆಯೇ ವಿಷಯ ತಿಳಿದಿತ್ತು. ಅವಳು ಗಂಡನಿಗೆ ಅಂದದ್ದು ಒಂದೇ ಮಾತು. “ನನ್ನತ್ರಾನೂ ಹೇಳ್ಲಿಲ್ವಲ್ಲ. ಮುನಿಯಕ್ಕ ಊರು ಬಿಟ್ಟು ಹೋಗೋವಾಗ ನಾನೂ ಬಾಗಿಲು ಹಾಕ್ಕಂಡಿದ್ದೆ ಕಣಪ್ಪ.” ಬುತ್ತಿ ಕಟ್ಟಿಕೊಡಲಿಲ್ಲ. ದಾರಿಯುದ್ದಕ್ಕೂ ಕಡಲೆಕಾಯಿ ಕಿತ್ತ ಕೆಂಪು ಹೊಲಗಳು, ಒಣಗಿದ ಕೆರೆಯ ಅಂಗಳಗಳು. ತನುಜಾ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಈರಲಿಂಗಪ್ಪ ರಸ್ತೆ ಬದಿಯ ಒಂದೊಂದು ಬಾವಿಯನ್ನೂ ನೋಡುತ್ತಾ, ಇದು ಎಷ್ಟು ಆಳ, ಅದು ಎಷ್ಟು ಆಳ ಅಂತ ಅಭ್ಯಾಸಬಲದಿಂದ ಅಂದಾಜು ಹಾಕುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ.

ಮುನಿಯಕ್ಕ ಜಯರಾಮಪ್ಪ ಅನ್ನುವ ನೇಕಾರರ ಮನೆಯಲ್ಲಿ ರೇಷ್ಮೆ ನೂಲು ಸುತ್ತುವ ಕೆಲಸ ಮಾಡುತ್ತಿದ್ದಳು. ಉದ್ದನೆಯ ಪಡಸಾಲೆ. ಒಳಗಿನ ಗೋಡೆಯ ಪಕ್ಕ ರಾಟೆ, ನಡುವೆ ಮಗ್ಗದ ಗುಂಡಿ, ಈ ತುದಿಗೆ ಬೀದಿ ಬಾಗಿಲು. ಭಾನುವಾರ ಮಗ್ಗ ನಿಂತಿತ್ತು, ಅವಳ ರಾಟೆ ಮಾತ್ರ ತಿರುಗುತ್ತಿತ್ತು. ಭಾವನನ್ನು ಕಂಡು ತಲೆಮೇಲೆ ಸೆರಗು ಎಳೆದುಕೊಂಡಳು.

“ಏನ್ ಭಾವ, ದಾರಿ ತಪ್ಪಿ ಬಂದಂಗೈತೆ. ಅಕ್ಕ ಚೆನ್ನಾಗವ್ಳಾ?”

ಅವಳು ಬಹಳ ಬಡವಾಗಿದ್ದಳು. ಮಾತು ಸಣ್ಣಗೆ, ಎಣಿಸಿದ ಹಾಗೆ ಬರುತ್ತಿತ್ತು. ಆ ಮನೆಯಲ್ಲಿ ಯಾರೂ ಅವಳು ದನಿ ಎತ್ತಿದ್ದನ್ನು ಕೇಳಿರಲಿಲ್ಲ. ಒಮ್ಮೆ ಬೆಕ್ಕು ನೂಲು ಕೆಡಿಸಿದಾಗಲೂ ಛೀ ಅಂದಿರಲಿಲ್ಲವಂತೆ.

ಈರಲಿಂಗಪ್ಪ ನಿಂತೇ ಹೇಳಿದ. “ಮುನಿಯಕ್ಕ, ಅವತ್ತು ದೀಪ ತಳ ಮುಟ್ಟಿರ್ಲಿಲ್ಲ.”

ಯಾವತ್ತು ಅಂತ ಅವಳು ಕೇಳಲಿಲ್ಲ. ರಾಟೆಯನ್ನೂ ನಿಲ್ಲಿಸಲಿಲ್ಲ, ರೇಷ್ಮೆ ಎಳೆಯನ್ನು ನಡುವೆ ಬಿಟ್ಟರೆ ಸಿಕ್ಕು ಬೀಳುತ್ತದೆ. ಅವನು ಹೇಳುತ್ತಾ ಹೋದ, ಅವಳು ಸುತ್ತುತ್ತಾ ಹೋದಳು. ಅವನ ಮಾತು ಮುಗಿಯಿತು. ಅವಳು ಉಂಡೆ ಮುಗಿಸಿ, ಎಳೆ ಕತ್ತರಿಸಿ, ತುದಿ ಸಿಕ್ಕಿಸಿ, ಕೈ ಒರೆಸಿಕೊಂಡಳು.

“ಹಗ್ಗ ಎಷ್ಟು ಕಮ್ಮಿ ಇತ್ತು?”

“ನಾಕು ಮಾರು.”

ಮುನಿಯಕ್ಕ ಎದ್ದಳು. ಒಳಗಿನ ಗೋಡೆಗೆ ಒಂದು ಕೈಬೆರಳು ಮುಟ್ಟಿಸಿ ಇನ್ನೊಂದು ಕೈ ಪೂರ್ತಿ ಚಾಚಿದಳು. ಬೆರಳ ತುದಿ ಬಂದಲ್ಲಿ ಹೆಜ್ಜೆ ಗುರುತು ಹಿಡಿದು ಮುಂದೆ ಸರಿದು ಮತ್ತೆ ಚಾಚಿದಳು. ಎರಡನೇ ಮಾರಿಗೆ ನೀರಿನ ಗುಡಾಣ ದಾಟಿತು. ಮೂರನೆಯದು ಮಗ್ಗದ ಗುಂಡಿಯ ಆಚೆ ಬಂತು. ನಾಲ್ಕನೆಯದು ಬೀದಿ ಬಾಗಿಲ ಹೊಸ್ತಿಲಿಗೆ ಮುಗಿಯಿತು. ಅಲ್ಲಿ ನಿಂತು ತಾನು ಬಂದ ದೂರವನ್ನು ತಿರುಗಿ ನೋಡಿದಳು.

“ಇಷ್ಟಾ?” ಅಂದಳು. “ಬ್ಯಾರೆ ಹಗ್ಗ ಇರ್ಲಿಲ್ವಾ?”

“ಇತ್ತು. ಕಾಲತ್ರಾನೇ ಇತ್ತು. ದೀಪದ ಹಗ್ಗಕ್ಕೆ ಗಂಟಾಕ್ಬಾರ್ದು ಅಂತ...”

“ಬಾವಿಗೆ ಬೀಳು ಅನ್ಬಾರ್ದು ಅಂತಾನೂ ಒಂದು ಕಟ್ಟುಪಾಡು ಇತ್ತಲ್ಲ ಭಾವ. ನಾನು ಮುರಿದೆ. ನೀನು ನಿಂದು ಉಳಿಸ್ಕಂಡೆ.”

ತನುಜಾ “ಅಮ್ಮಾ” ಅಂತ ಹತ್ತಿರ ಹೋದಳು. ಮುನಿಯಕ್ಕ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು. ಸಿಟ್ಟಿನಿಂದಲ್ಲ. ಈಗ ಯಾರ ಕೈಯೂ ಮೈಮೇಲೆ ಬೇಡವಾಗಿತ್ತು.

“ರಾತ್ರಿ ಹೊತ್ತು ನಾಲಿಗೆ ಕಚ್ಚಿ ನೋಡ್ಕಂತಿದ್ದೆ” ಅಂದಳು, ಯಾರಿಗೆ ಅಂತಿಲ್ಲದೆ. “ಇದೇನಾ, ಇಷ್ಟು ಮೆತ್ತಗಿರೋದೇ ಅವ್ರನ್ನ ಕೊಂದಿದ್ದು ಅಂತ.”

ಈರಲಿಂಗಪ್ಪ ನೆಲದ ಮೇಲೆ ಕೂತ. “ಬೈಯಮ್ಮ ನನ್ನ. ಬಾಯಿಗೆ ಬಂದಂಗೆ ಬೈದ್ಬುಡು.”

ಅವಳು ಬಾಯಿ ತೆರೆದಳು. ಒಂದು ಕಾಲದಲ್ಲಿ ಬೀದಿಯನ್ನೇ ನಡುಗಿಸುತ್ತಿದ್ದ ಬಾಯಿ ಅದು. ಈಗ ಬರೀ ಉಸಿರು ಬಂತು.

“ಬರ್ತಿಲ್ಲ” ಅಂದಳು. ಹೊಸ್ತಿಲಾಚೆಯ ಬೀದಿ ನೋಡುತ್ತಾ ಕೇಳಿದಳು. “ನನ್ನ ಅಂದೋರೆಲ್ಲ ಇನ್ನೂ ಅದೇ ಬೀದಿಯಾಗೆ ಅವ್ರಾ?”

“ಅವ್ರೆ.”

“ಹಂಗಾದ್ರೆ ನಡಿ. ಇಲ್ಲಿ ನಂಗೊಬ್ಬಳಿಗೆ ಹೇಳಿ ಏನು ಬಂತು? ಅಲ್ಲಿ ಹೇಳು. ಒಂದೊಂದು ಬಾಗಿಲಿಗೂ ನಿಲ್ಲಿಸ್ತೀನಿ, ಒಂದೊಂದು ಬಾಗಿಲಾಗೂ ಹೇಳು.”

ಹೇಳಿದರೆ ಏನಾಗುತ್ತದೆ ಅನ್ನುವುದು ಈರಲಿಂಗಪ್ಪನಿಗೆ ಗೊತ್ತಿತ್ತು. ನಾಳೆಯಿಂದ ಅವನ ಮಾತಿಗೆ ಒಬ್ಬನೂ ಬಾವಿಗೆ ಇಳಿಯುವುದಿಲ್ಲ. ಇಳಿಯಲೂಬಾರದು. ಓಬುಳಪತಿ ಮುಖ ತಿರುಗಿಸುತ್ತಾನೆ. ಮಂಗಳಗೌರಿ ಬೀದಿಯ ನಲ್ಲಿಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ.

“ನಾಳೆ ಹೋಗೋಣಮ್ಮ, ನನ್ನ ಲೆಕ್ಕ ಎಲ್ಲಾ ತಿರುಗಾ ಮಾಡೋದೈತೆ, ಆದ್ರೂ ನಾನೂ ರಜೆ ಹಾಕಿ ಬತ್ತೀನಿ” ಅಂದಳು ತನುಜಾ.

“ನೀನು ಬರ್ಬ್ಯಾಡ. ನಿಂದು ತಿರುಗಾ ಮಾಡೋ ಲೆಕ್ಕ ಐತೆ ಅಂದ್ಯಲ್ಲ, ಅದನ್ನ ಮಾಡು. ನಾಳೆ ಅಂದ್ರೆ ಇವ್ರು ತಿರುಗಾ ಸುಮ್ನಾಗ್ಬುಡ್ತಾರೆ.” ಮುನಿಯಕ್ಕ ಗೂಟದ ಮೇಲಿನ ಕೈಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು.

ಮೂರೂವರೆಯ ಬಸ್ಸು ಅರ್ಧ ಖಾಲಿ ಇತ್ತು. ಮುನಿಯಕ್ಕ ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು.

ಈರಲಿಂಗಪ್ಪ ಅವಳ ಹಿಂದಿನ ಸೀಟಿನಲ್ಲಿ ಕೂತ. ಅವಳ ನೆತ್ತಿಯ ಬಿಳಿ ಕೂದಲು ಬಿಟ್ಟು ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಬಸ್ಸು ಊರು ದಾಟಿದ ಮೇಲೆ ಕಂಡಕ್ಟರು ಬಂದ. ಇಬ್ಬರನ್ನೂ ಒಂದೇ ಸಲ ನೋಡಿ ಟಿಕೆಟ್ಟಿನ ಮಿಷನ್ನಿಗೆ ಬೆರಳು ಇಟ್ಟ.

“ಎಕ್ಕಡಿಕಮ್ಮಾ?”

“ಕಲ್ಯಾಣದುರ್ಗ.”

“ಇದ್ದರೂ ಒಕಟೇನಾ?”

ಇಬ್ಬರೂ ಒಂದೇನಾ, ಟಿಕೆಟ್ಟು ಒಟ್ಟಿಗಾ ಅಂತ ಅವನು ಕೇಳಿದ್ದು. ಈರಲಿಂಗಪ್ಪ ಜೇಬಿಗೆ ಕೈಹಾಕಿ ಮುಂದೆ ಬಾಗಿದ.

“ಅಲ್ಲ” ಅಂದಳು ಮುನಿಯಕ್ಕ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿತ್ತು ಆ ದನಿ.